ಅರವತ್ತರ ನಂತರ ಪಕ್ಕದ ಮನೆಯ ಭಾಷೆ

ಮಿದುಳು ಮಂಕಾಗದಂತೆ ನೋಡಿಕೊಳ್ಳಲು ಏನು ಮಾಡಬೇಕು ಎಂದು ನಿವೃತ್ತರೊಬ್ಬರು ಕೇಳಿದರೆ ಸಲಹೆಗಳಿಗೆ ಬರವಿಲ್ಲ. ಪದಬಂಧ ಬಿಡಿಸಿ, ಸುಡೊಕು ತುಂಬಿ, ನೆನೆಸಿದ ಬಾದಾಮಿ ತಿನ್ನಿ, ದಿನಾ ಒಂದಿಷ್ಟು ನಡೆಯಿರಿ. ಈ ಪಟ್ಟಿಗೆ ಈಚಿನ ವರ್ಷಗಳಲ್ಲಿ ಸೇರಿಕೊಂಡಿರುವುದು ಹೊಸ ಭಾಷೆ. ಒಂದು ಭಾಷೆ ಕಲಿತರೆ ಮರೆವಿನ ಕಾಯಿಲೆ ಹತ್ತಿರ ಸುಳಿಯುವುದಿಲ್ಲ ಎಂಬ ಸಂದೇಶ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತದೆ. ಭಾರತದಲ್ಲಿ ಅರವತ್ತು ದಾಟಿದವರಲ್ಲಿ ಶೇ 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ, ಡಿಮೆನ್ಶಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಂದಾಜು ಹೇಳುತ್ತದೆ. ಹೀಗಿರುವಾಗ ಭಯಪಟ್ಟವರು ಕೈಗೆ ಸಿಕ್ಕ ಆಸರೆಯನ್ನು ಹಿಡಿದುಕೊಳ್ಳುವುದು ಸಹಜ. ಭಾಷಾ ಕಲಿಕೆಯ ಬಗ್ಗೆ ಸಂಶೋಧನೆಗಳು ನಿಜಕ್ಕೂ ಹೇಳುತ್ತಿರುವುದು ಆ ಸಂದೇಶಗಳಷ್ಟು ಸರಳವಾಗಿಲ್ಲ. ತಡವಾಗಿ ಕಲಿತ ಭಾಷೆಯಿಂದಲೂ ಮನಸ್ಸಿಗೆ ಲಾಭವಿದೆ, ನಿಜ. ಆದರೆ ಆ ಲಾಭ ದಕ್ಕುವುದು ಕಲಿತದ್ದನ್ನು ಬಳಸಿದಾಗ. ಹಾಗಾಗಿ ಅರವತ್ತರ ನಂತರ ಕಲಿಯಲು ಹೊರಟವರು ದಿನವೂ ಎದುರು ಸಿಗುವ ಮನುಷ್ಯರ ಭಾಷೆಯನ್ನು ಆರಿಸಿಕೊಳ್ಳಬೇಕು ಎಂಬುದು ನನ್ನ ವಾದ.

ಈ ವಿಷಯದ ಮುಖ್ಯ ಪುರಾವೆಗಳಲ್ಲಿ ಒಂದು ನಮ್ಮ ನೆರೆಯ ಹೈದರಾಬಾದಿನಿಂದ ಬಂದದ್ದು. ಅದಕ್ಕೂ ಮೊದಲು, 2007ರಲ್ಲಿ, ಕೆನಡಾದ ಟೊರಾಂಟೊ ನಗರದಲ್ಲಿ ಎಲೆನ್ ಬಿಯಾಲಿಸ್ಟಾಕ್ ಮತ್ತು ಅವರ ಸಹೋದ್ಯೋಗಿಗಳು 184 ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ, ಬದುಕಿನುದ್ದಕ್ಕೂ ಎರಡು ಭಾಷೆ ಬಳಸಿದವರಲ್ಲಿ ಡಿಮೆನ್ಶಿಯಾದ ಲಕ್ಷಣಗಳು ಸುಮಾರು ನಾಲ್ಕು ವರ್ಷ ತಡವಾಗಿ ಕಾಣಿಸಿಕೊಂಡಿವೆ ಎಂದಿದ್ದರು. ತಕ್ಷಣ ಆಕ್ಷೇಪ ಬಂತು: ಅಲ್ಲಿ ಎರಡು ಭಾಷೆ ಬಲ್ಲವರಲ್ಲಿ ಹೆಚ್ಚಿನವರು ವಲಸಿಗರು, ದೇಶ ಬಿಟ್ಟು ಬರುವ ಧೈರ್ಯ ಮಾಡಿದವರು ಮೊದಲಿನಿಂದಲೇ ಗಟ್ಟಿಮುಟ್ಟಾಗಿದ್ದಿರಬಹುದಲ್ಲ? ಹೈದರಾಬಾದಿನಲ್ಲಿ ಈ ತೊಡಕಿಲ್ಲ. ಅಲ್ಲಿ ತೆಲುಗು, ಉರ್ದು, ದಖನಿ, ಹಿಂದಿ ಒಂದೇ ಬೀದಿಯಲ್ಲಿ ಓಡಾಡುತ್ತವೆ, ಎರಡನೆಯ ಭಾಷೆ ಕಲಿಯಲು ಯಾರೂ ಊರು ಬಿಡಬೇಕಿಲ್ಲ. ನಿಜಾಮ್ಸ್ ವೈದ್ಯವಿಜ್ಞಾನ ಸಂಸ್ಥೆಯಲ್ಲಿದ್ದ ನರರೋಗ ತಜ್ಞೆ ಸುವರ್ಣಾ ಅಲ್ಲಾಡಿ ಮತ್ತು ತಂಡ 648 ಡಿಮೆನ್ಶಿಯಾ ರೋಗಿಗಳನ್ನು ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದ ವರದಿಯಲ್ಲಿ ಆ ಅಂತರ ನಾಲ್ಕೂವರೆ ವರ್ಷವಿತ್ತು. ಓದು ಬರಹ ಬಾರದವರಲ್ಲೂ ಅದು ಕಂಡುಬಂತು. ಶಾಲೆಯ ಶಿಕ್ಷಣದ ಫಲವನ್ನು ಭಾಷೆಯ ಫಲವೆಂದು ತಪ್ಪು ತಿಳಿದಿದ್ದೇವೆ ಎನ್ನುವ ವಾದ ಇದರಿಂದ ಬಹಳಷ್ಟು ದುರ್ಬಲವಾಯಿತು. ಈಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುವ ಅಲ್ಲಾಡಿ ಅವರ ಇನ್ನೊಂದು ಅಧ್ಯಯನ 2016ರದ್ದು. ಪಾರ್ಶ್ವವಾಯುವಿಗೆ ತುತ್ತಾದ 608 ಮಂದಿಯಲ್ಲಿ, ಎರಡು ಭಾಷೆ ಬಲ್ಲವರ ಪೈಕಿ ಶೇ 40.5ರಷ್ಟು ಜನರ ಬುದ್ಧಿಶಕ್ತಿ ಕುಂದದೆ ಉಳಿದಿತ್ತು, ಒಂದೇ ಭಾಷೆಯವರಲ್ಲಿ ಹಾಗೆ ಉಳಿದವರು ಶೇ 19.6 ಮಾತ್ರ. ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಎರಡು ಭಾಷೆ ಬಲ್ಲವರಿಗೂ ಪಾರ್ಶ್ವವಾಯು ಬಂದೇ ಇತ್ತು, ಡಿಮೆನ್ಶಿಯಾವೂ ತಡವಾಗಿ ಬಂತೇ ಹೊರತು ಬರದೇ ಇರಲಿಲ್ಲ. ಪೆಟ್ಟು ಬಿದ್ದ ಮೇಲೂ ಕೆಲಸ ನಡೆಸಿಕೊಂಡು ಹೋಗುವ ಶಕ್ತಿ ಅವರ ಮಿದುಳಿನಲ್ಲಿ ಹೆಚ್ಚಿಗೆ ಕೂಡಿಕೊಂಡಿತ್ತು ಎಂಬುದು ತಜ್ಞರ ವಿವರಣೆ.

ಇವೆಲ್ಲ ಬಹುಮಟ್ಟಿಗೆ ಎಳವೆಯಿಂದಲೇ ಎರಡು ಭಾಷೆಗಳ ನಡುವೆ ಬೆಳೆದವರ ಕಥೆ, ಅರವತ್ತೈದರಲ್ಲಿ ಅಕ್ಷರಮಾಲೆ ಹಿಡಿದು ಕೂತವರಿಗೆ ಇದು ಹೇಗೆ ಅನ್ವಯಿಸುತ್ತದೆ ಎಂದು ಓದುಗರು ಕೇಳಬಹುದು. ಇನ್ನೂ ಗಂಭೀರವಾದ ಪ್ರಶ್ನೆ ಬೇರೆ ಇದೆ. ಭಾಷೆ ಕಲಿತದ್ದರಿಂದ ಬುದ್ಧಿ ಚುರುಕಾಯಿತೋ, ಬುದ್ಧಿ ಚುರುಕಾಗಿದ್ದವರು ಭಾಷೆ ಕಲಿತರೋ? ಇದಕ್ಕೆ ಉತ್ತರ ಹೇಳಬೇಕಾದರೆ ಕಲಿಯುವುದಕ್ಕೆ ಮುಂಚೆ ಆ ವ್ಯಕ್ತಿ ಹೇಗಿದ್ದ ಎಂದು ತಿಳಿದಿರಬೇಕು. ಅಂಥ ದಾಖಲೆ ಸ್ಕಾಟ್ಲೆಂಡಿನಲ್ಲಿದೆ. 1936ರಲ್ಲಿ ಹುಟ್ಟಿದ ಅಲ್ಲಿನ ಶಾಲಾ ಮಕ್ಕಳಿಗೆ 1947ರಲ್ಲಿ, ಅವರಿಗೆ ಹನ್ನೊಂದು ವರ್ಷವಿದ್ದಾಗ, ಬುದ್ಧಿಶಕ್ತಿಯ ಪರೀಕ್ಷೆ ನಡೆದಿತ್ತು. ಅವರಲ್ಲಿ 853 ಮಂದಿಯನ್ನು 2008ರಿಂದ 2010ರ ನಡುವೆ, ಎಪ್ಪತ್ತು ದಾಟಿದ ಮೇಲೆ, ಎಡಿನ್‌ಬರೋ ವಿಶ್ವವಿದ್ಯಾಲಯದವರು ಮತ್ತೆ ಪರೀಕ್ಷಿಸಿದರು. ಎಲ್ಲರದ್ದೂ ಇಂಗ್ಲಿಷ್ ಮನೆಮಾತು. ಬೇರೊಂದು ಭಾಷೆಯಲ್ಲಿ ವ್ಯವಹರಿಸಬಲ್ಲೆವು ಎಂದವರು 262 ಜನ, ಅವರಲ್ಲಿ 65 ಮಂದಿ ಅದನ್ನು ಕಲಿತದ್ದು ಹದಿನೆಂಟರ ನಂತರ. ಥಾಮಸ್ ಬಾಕ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ಎರಡನೆಯ ಭಾಷೆ ಬಲ್ಲವರು ತಮ್ಮ ಹನ್ನೊಂದನೆಯ ವಯಸ್ಸಿನ ಅಂಕಗಳಿಂದ ನಿರೀಕ್ಷಿಸಬಹುದಾದದ್ದಕ್ಕಿಂತ ಉತ್ತಮವಾಗಿದ್ದರು. ದೊಡ್ಡವರಾದ ಮೇಲೆ ಕಲಿತವರಲ್ಲೂ ಈ ಲಾಭ ಕಂಡಿತು. ಒಬ್ಬ ವ್ಯಕ್ತಿಯನ್ನು ಆತನ ಬಾಲ್ಯದ ಜೊತೆಗೇ ಹೋಲಿಸಿ ನೋಡುವ ಇಂಥ ಅಧ್ಯಯನಗಳು ಅಪರೂಪ. ಅದಕ್ಕಾಗಿಯೇ ನಾನು ಇದಕ್ಕೆ ಹೆಚ್ಚು ಬೆಲೆ ಕೊಡುತ್ತೇನೆ.

ಅದೇ ತಂಡದ ಮತ್ತೊಂದು ಪ್ರಯೋಗವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಸ್ಕಾಟ್ಲೆಂಡಿನ ಸ್ಕೈ ದ್ವೀಪದಲ್ಲಿ ಅಲ್ಲಿನ ಹಳೆಯ ಭಾಷೆಯಾದ ಗೇಲಿಕ್ ಕಲಿಸುವ ಕಾಲೇಜಿದೆ. ಅಲ್ಲಿ ಒಂದು ವಾರದ ತೀವ್ರ ತರಗತಿಗೆ ಬಂದ 33 ಮಂದಿಯನ್ನು ಸಂಶೋಧಕರು ಪರೀಕ್ಷಿಸಿದರು. ಅವರಲ್ಲಿ ಅತಿ ಕಿರಿಯರಿಗೆ 18, ಅತಿ ಹಿರಿಯರಿಗೆ 78 ವರ್ಷ. ಹೋಲಿಕೆಗೆ ಅದೇ ಒಂದು ವಾರ ಬೇರೆ ವಿಷಯದ ತರಗತಿಗೆ ಹೋದವರು ಮತ್ತು ಯಾವ ತರಗತಿಗೂ ಹೋಗದವರು ಇದ್ದರು. ಪರೀಕ್ಷೆ ಹೀಗೆ: ನೀವು ಲಿಫ್ಟಿನೊಳಗಿದ್ದೀರಿ, ಎಷ್ಟನೆಯ ಮಹಡಿ ಎಂದು ತೋರಿಸುವ ದೀಪ ಕೆಟ್ಟಿದೆ ಎಂದುಕೊಳ್ಳಿ. ಒಂದೊಂದು ಮಹಡಿ ದಾಟಿದಾಗಲೂ ಒಂದು ಸದ್ದು ಕೇಳಿಸುತ್ತದೆ, ಎಣಿಸಿ ಮಹಡಿ ಹೇಳಬೇಕು. ಇದು ಸುಲಭ. ಮುಂದಿನ ಹಂತದಲ್ಲಿ ನಡುನಡುವೆ ಬೇರೆ ಸ್ವರದ ಸದ್ದುಗಳು ಬರುತ್ತವೆ, ಅವನ್ನು ಲೆಕ್ಕಕ್ಕೆ ಹಿಡಿಯಬಾರದು. ಕೊನೆಯ ಹಂತದಲ್ಲಿ ಒಂದು ಬಗೆಯ ಸದ್ದು ಲಿಫ್ಟ್ ಮೇಲಕ್ಕೆ ಹೊರಟಿತೆಂದೂ ಇನ್ನೊಂದು ಬಗೆಯದು ಕೆಳಕ್ಕೆ ಹೊರಟಿತೆಂದೂ ತಿಳಿಸುತ್ತದೆ, ಎಣಿಕೆಯನ್ನು ಅಲ್ಲಲ್ಲೇ ತಿರುಗಿಸಬೇಕು. ಈ ಕೊನೆಯ ಹಂತದಲ್ಲಿ, ಗಮನವನ್ನು ಒಂದರಿಂದ ಇನ್ನೊಂದಕ್ಕೆ ಹೊರಳಿಸುವ ಕೆಲಸದಲ್ಲಿ, ಭಾಷೆ ಕಲಿತವರು ಒಂದೇ ವಾರದಲ್ಲಿ ಸುಧಾರಿಸಿದ್ದರು. ವಯಸ್ಸಾದವರೂ ಸುಧಾರಿಸಿದ್ದರು. ಒಂಬತ್ತು ತಿಂಗಳ ನಂತರ ಮತ್ತೆ ನೋಡಿದಾಗ, ವಾರಕ್ಕೆ ಐದು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಅಭ್ಯಾಸ ಮುಂದುವರಿಸಿದ್ದವರಲ್ಲಿ ಆ ಸುಧಾರಣೆ ಇನ್ನೂ ಇತ್ತು. 2016ರಲ್ಲಿ ಪ್ರಕಟವಾದ ಈ ಪ್ರಯೋಗ ಚಿಕ್ಕದು. ಆದರೂ ಅದು ಕೊಡುವ ಸುಳಿವು ಸ್ಪಷ್ಟವಾಗಿದೆ: ಕಲಿತು ಬಿಟ್ಟರೆ ಫಲವಿಲ್ಲ, ಬಿಡದೆ ಬಳಸುತ್ತಿರಬೇಕು.

ಹೊಸ ಭಾಷೆ ಗಮನಶಕ್ತಿಯನ್ನು ಇಷ್ಟು ದುಡಿಸುವುದೇಕೆ ಎಂಬುದನ್ನು ಊಹಿಸುವುದು ಕಷ್ಟವಲ್ಲ. ಮೈಸೂರಿನ ನಿವೃತ್ತ ಗುಮಾಸ್ತರೊಬ್ಬರು ಮಂಗಳೂರಿನ ಮಗಳ ಮನೆಗೆ ಬಂದು ನೆಲೆಸಿ, ಮೀನು ಮಾರುವಾಕೆಯ ತುಳು ಮಾತನ್ನು ಅರ್ಥ ಮಾಡಿಕೊಳ್ಳಲು ನಿಂತಿದ್ದಾರೆ ಎಂದುಕೊಳ್ಳೋಣ. ಮಾತಿನ ಮೊದಲರ್ಧವನ್ನು ನೆನಪಿನಲ್ಲಿ ಹಿಡಿದುಕೊಂಡು ಉಳಿದರ್ಧಕ್ಕೆ ಕಿವಿಗೊಡಬೇಕು. ಗೊತ್ತಿಲ್ಲದ ಪದವನ್ನು ಆಕೆಯ ಮುಖಭಾವದಿಂದ, ತೋರಿಸುವ ಬುಟ್ಟಿಯಿಂದ ಊಹಿಸಬೇಕು. ಉತ್ತರ ಕೊಡಲು ಹೊರಟಾಗ ನಾಲಿಗೆಯ ತುದಿಗೆ ಬಂದು ನಿಲ್ಲುವ ಕನ್ನಡವನ್ನು ತಡೆದು, ಕಲಿತ ನಾಲ್ಕು ತುಳು ಮಾತುಗಳಲ್ಲಿ ಸರಿಯಾದದ್ದನ್ನು ಹುಡುಕಬೇಕು. ಆಕೆ ನಕ್ಕರೆ ಎಲ್ಲಿ ತಪ್ಪಿತು ಎಂದು ಹಿಂದಕ್ಕೆ ಹೋಗಿ ನೋಡಬೇಕು. ಎಲ್ಲವೂ ಕೆಲವೇ ಸೆಕೆಂಡುಗಳಲ್ಲಿ, ಎದುರಿಗೆ ಮನುಷ್ಯರೊಬ್ಬರು ಕಾಯುತ್ತಿರುವಾಗ. ಎರಡು ಭಾಷೆ ಬಲ್ಲವರಲ್ಲಿ ಒಂದನ್ನು ಆಡುವಾಗ ಇನ್ನೊಂದು ಪೂರ್ತಿ ನಿದ್ದೆ ಹೋಗುವುದಿಲ್ಲ, ಅದನ್ನು ಅದುಮಿಟ್ಟುಕೊಂಡೇ ಮಾತು ಸಾಗಬೇಕು ಎಂದು ಮನೋಭಾಷಾವಿಜ್ಞಾನಿಗಳು ಬಹುಕಾಲದಿಂದ ಹೇಳುತ್ತಿದ್ದಾರೆ. ಸುಡೊಕುವಿನಲ್ಲಿ ಈ ಆತುರವಿಲ್ಲ, ಈ ಮುಖಾಮುಖಿ ಇಲ್ಲ.

ಈಗ ವಿರುದ್ಧ ಪಕ್ಷದ ಪುರಾವೆ. ಅದನ್ನು ಮುಚ್ಚಿಟ್ಟು ಈ ವಿಷಯದ ಬಗ್ಗೆ ಬರೆಯುವುದು ಓದುಗರಿಗೆ ಮಾಡುವ ಅನ್ಯಾಯ. ಕೆನೆತ್ ಪಾಪ್ ಅವರಂಥ ಮನೋವಿಜ್ಞಾನಿಗಳು ದ್ವಿಭಾಷಿಕರ ಗಮನಶಕ್ತಿ ಹೆಚ್ಚು ಎಂಬ ಹೇಳಿಕೆಯನ್ನೇ 2013ರಿಂದ ಪ್ರಶ್ನಿಸುತ್ತಾ ಬಂದಿದ್ದಾರೆ. ಲಾಭ ತೋರಿಸಿದ ಅಧ್ಯಯನಗಳು ಸುಲಭವಾಗಿ ಪ್ರಕಟವಾಗುತ್ತವೆ, ತೋರಿಸದವು ಮೂಲೆ ಸೇರುತ್ತವೆ ಎಂಬ ಟೀಕೆಗೂ ಆಧಾರವಿದೆ. 2018ರಲ್ಲಿ ಮಿನ್ನಾ ಲೆಹ್ಟೊನೆನ್ ಮತ್ತು ಸಂಗಡಿಗರು 152 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಆರೋಗ್ಯವಂತ ವಯಸ್ಕರಲ್ಲಿ ಅಂಥ ಮೇಲುಗೈಗೆ ಗಟ್ಟಿ ಪುರಾವೆ ಕಾಣಲಿಲ್ಲ. ನನ್ನ ವಾದಕ್ಕೆ ಎಲ್ಲಕ್ಕಿಂತ ಹತ್ತಿರದ ಪೆಟ್ಟು ಕೊಡುವುದು ಸ್ವೀಡನ್ನಿನಿಂದ 2020ರಲ್ಲಿ ಬಂದ ಪ್ರಯೋಗ. ಅಲ್ಲಿ 65ರಿಂದ 75 ವರ್ಷದ 160 ಮಂದಿಯನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದಕ್ಕೆ ಹನ್ನೊಂದು ವಾರ ಇಟಾಲಿಯನ್ ಭಾಷೆಯ ಆರಂಭಿಕ ಪಾಠ ಹೇಳಿ, ಇನ್ನೊಂದಕ್ಕೆ ದೇಹ ಮನಸ್ಸುಗಳನ್ನು ಸಡಿಲಿಸುವ ತರಬೇತಿ ಕೊಟ್ಟರು. ಕೊನೆಯಲ್ಲಿ ನೆನಪಿನ ಶಕ್ತಿಯಲ್ಲಾಗಲೀ ಬುದ್ಧಿಶಕ್ತಿಯಲ್ಲಾಗಲೀ ಭಾಷೆ ಕಲಿತವರಿಗೆ ಹೆಚ್ಚಿನ ಲಾಭವೇನೂ ಆಗಿರಲಿಲ್ಲ. ಶ್ರದ್ಧೆಯಿಂದ ಮಾಡಿದ ಪ್ರಯೋಗ ಇದು, ಇದರ ಫಲಿತಾಂಶವನ್ನು ಒಪ್ಪಲೇಬೇಕು.

ಒಪ್ಪಿದ ಮೇಲೆ ಏನು ಉಳಿಯುತ್ತದೆ? ಕೆಲವು ವಾರಗಳ ಆರಂಭಿಕ ಪಾಠ ಒಟ್ಟಾರೆ ನೆನಪಿನ ಶಕ್ತಿಯನ್ನು ಹೆಚ್ಚಿಸುತ್ತದೆ ಎಂಬ ಆಸೆಯನ್ನು ಬಿಡಬೇಕಾಗುತ್ತದೆ. ಡಿಮೆನ್ಶಿಯಾ ತಡೆಯುವ ಔಷಧಿಯೆಂದು ಭಾಷಾ ತರಗತಿಯನ್ನು ಮಾರುವವರನ್ನು ನಂಬಬಾರದು ಎಂದೂ ಆಗುತ್ತದೆ. ಆದರೆ ಹೈದರಾಬಾದಿನವರಿಗೂ ಎಡಿನ್‌ಬರೋದವರಿಗೂ ಇದ್ದದ್ದು ಹನ್ನೊಂದು ವಾರಗಳ ಪರಿಚಯವಲ್ಲ. ಸ್ಕೈ ದ್ವೀಪದಲ್ಲಿ ಲಾಭ ಉಳಿಸಿಕೊಂಡವರು ವಾರವಾರವೂ ಗಂಟೆಗಟ್ಟಲೆ ಅಭ್ಯಾಸ ಮಾಡಿದವರು. ಎರಡೂ ಬಗೆಯ ಪುರಾವೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಅವು ಪರಸ್ಪರ ಹೊಡೆದಾಡುತ್ತಿಲ್ಲ, ಒಂದೇ ಕಡೆಗೆ ಬೆರಳು ಮಾಡುತ್ತಿವೆ ಎಂದು ನನಗನ್ನಿಸುತ್ತದೆ. ವರ್ಷಗಟ್ಟಲೆ ಬಾಯಲ್ಲಿ ಆಡುವ ಭಾಷೆ ಮನಸ್ಸನ್ನು ದುಡಿಸುತ್ತದೆ, ಪುಸ್ತಕದಲ್ಲಿಯೋ ಫೋನಿನಲ್ಲಿಯೋ ಉಳಿದುಬಿಟ್ಟ ಭಾಷೆ ಅಷ್ಟಾಗಿ ದುಡಿಸುವುದಿಲ್ಲ. ಇದು ಸರಿಯಾದರೆ ಯಾವ ಭಾಷೆ ಕಲಿಯಬೇಕು ಎನ್ನುವುದು ರುಚಿಯ ಪ್ರಶ್ನೆಯಾಗಿ ಉಳಿಯುವುದಿಲ್ಲ. ಹಾಸನದಲ್ಲಿ ಕೂತು ಫ್ರೆಂಚ್ ಕಲಿತವರಿಗೆ ಆರು ತಿಂಗಳಾದರೂ ಫ್ರೆಂಚಿನಲ್ಲಿ ಜಗಳವಾಡಲು, ಚೌಕಾಶಿ ಮಾಡಲು, ಸಾಂತ್ವನ ಹೇಳಲು ಒಬ್ಬರೂ ಸಿಗಲಿಕ್ಕಿಲ್ಲ. ಅದೇ ಊರಿನಲ್ಲಿ ಉರ್ದು ಮನೆಮಾತಿನವರಿದ್ದಾರೆ. ಕೋಲಾರದವರಿಗೆ ತೆಲುಗು, ಬೆಳಗಾವಿಯವರಿಗೆ ಮರಾಠಿ, ಕಾರವಾರದವರಿಗೆ ಕೊಂಕಣಿ, ಬೆಂಗಳೂರಿನ ಎಷ್ಟೋ ಬಡಾವಣೆಗಳಲ್ಲಿ ತಮಿಳು ಕೂಗಳತೆಯಲ್ಲಿದೆ.

ಪಕ್ಕದವರ ಭಾಷೆಗೆ ಇನ್ನೊಂದು ಬಲವಿದೆ. ಡಿಮೆನ್ಶಿಯಾ ಕುರಿತ ಲ್ಯಾನ್ಸೆಟ್ ಆಯೋಗ 2024ರಲ್ಲಿ ಬದಲಾಯಿಸಲು ಸಾಧ್ಯವಿರುವ 14 ಅಪಾಯಕಾರಿ ಅಂಶಗಳನ್ನು ಪಟ್ಟಿ ಮಾಡಿ, ಅವೆಲ್ಲವನ್ನೂ ನಿಭಾಯಿಸಿದರೆ ಶೇ 45ರಷ್ಟು ಪ್ರಕರಣಗಳನ್ನು ತಡೆಯಲು ಅಥವಾ ಮುಂದೂಡಲು ಆಗಬಹುದು ಎಂದಿತು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕಿವಿ ಮಂದವಾಗುವುದು ಎಲ್ಲ ಅದರಲ್ಲಿವೆ, ಒಂಟಿತನದ ಬದುಕೂ ಇದೆ. ಒಂದೇ ಭಾಷೆ ಬಲ್ಲದ್ದು ಆ ಪಟ್ಟಿಯಲ್ಲಿಲ್ಲ. ಆದರೆ ಮಕ್ಕಳ ಜೊತೆ ಇರಲೆಂದು ಊರು ಬಿಟ್ಟು ಬಂದ ಹಿರಿಯರ ಒಂಟಿತನದಲ್ಲಿ ಭಾಷೆಯ ಪಾಲೆಷ್ಟು ಎಂಬುದನ್ನು ಪುಣೆಯ, ಹೈದರಾಬಾದಿನ, ನ್ಯೂಜೆರ್ಸಿಯ ಕನ್ನಡ ಮನೆಗಳಲ್ಲಿ ನೋಡಬಹುದು. ಮಗ ಸೊಸೆ ಕೆಲಸಕ್ಕೆ, ಮೊಮ್ಮಗು ಶಾಲೆಗೆ ಹೋದ ಮೇಲೆ ಬಾಗಿಲು ಹಾಕಿಕೊಂಡ ತಾಯಿಗೆ ಸಂಜೆಯವರೆಗೂ ಮಾತಿಲ್ಲ. ಕೆಳಗಿನ ಅಂಗಳದಲ್ಲಿ ಅವರದೇ ವಯಸ್ಸಿನ ನಾಲ್ವರು ಹೆಂಗಸರು ಮರಾಠಿಯಲ್ಲಿ ಹರಟುತ್ತಿರುತ್ತಾರೆ. ಆ ಗುಂಪಿನಲ್ಲಿ ಕೂರುವಷ್ಟು ಮರಾಠಿ ಬಂದರೆ ಆಕೆಗೆ ಗೆಳತಿಯರು ಸಿಗುತ್ತಾರೆ, ಗೆಳತಿಯರಿದ್ದರೆ ಮರಾಠಿ ತಾನಾಗಿ ಬೆಳೆಯುತ್ತದೆ. ಇಲ್ಲಿ ಲಾಭ ಕೊಟ್ಟದ್ದು ಭಾಷೆಯೋ ಸ್ನೇಹವೋ ಎಂದು ಪ್ರಯೋಗಾಲಯದವರು ಬೇರ್ಪಡಿಸಿ ಅಳೆಯಬೇಕಾಗುತ್ತದೆ. ಆ ತಾಯಿಗೆ ಅವು ಬೇರೆಬೇರೆಯಾಗಿ ಬೇಕಾಗಿಲ್ಲ.

ಈ ವಯಸ್ಸಿನಲ್ಲಿ ಹತ್ತುತ್ತದೆಯೇ ಎಂಬ ಅಳುಕು ಎಲ್ಲರದ್ದೂ. ಸುಮಾರು 6.7 ಲಕ್ಷ ಇಂಗ್ಲಿಷ್ ಬಲ್ಲವರನ್ನು ಪರೀಕ್ಷಿಸಿದ 2018ರ ಅಧ್ಯಯನವೊಂದು, ವ್ಯಾಕರಣವನ್ನು ಹೀರಿಕೊಳ್ಳುವ ಶಕ್ತಿ ಹದಿನೇಳು ವರ್ಷದ ಆಸುಪಾಸಿನಲ್ಲಿ ಇಳಿಯತೊಡಗುತ್ತದೆ ಎಂದು ತೋರಿಸಿತು. ಉಚ್ಚಾರಣೆ ಇನ್ನೂ ಮೊದಲೇ ಗಟ್ಟಿಯಾಗಿಬಿಡುತ್ತದೆ. ಇದರ ಅರ್ಥ ಎಪ್ಪತ್ತರಲ್ಲಿ ಕಲಿತ ತಮಿಳು ತಂಜಾವೂರಿನವರ ತಮಿಳಾಗುವುದಿಲ್ಲ ಎಂದಷ್ಟೇ. ಆಗಬೇಕಾದ ಅಗತ್ಯವೂ ಇಲ್ಲ, ಮನಸ್ಸು ದುಡಿಯುವುದು ಪ್ರಯತ್ನದಲ್ಲಿ, ಪರಿಪೂರ್ಣತೆಯಲ್ಲಿ ಅಲ್ಲ. ಗಾಂಧೀಜಿ 1946ರ ಕೊನೆಯಲ್ಲಿ ಗಲಭೆಪೀಡಿತ ನೌಖಾಲಿಗೆ ಹೋದಾಗ ಅವರಿಗೆ 77 ವರ್ಷ. ಅಲ್ಲಿ ಮಾನವಶಾಸ್ತ್ರಜ್ಞ ನಿರ್ಮಲ್ ಕುಮಾರ್ ಬೋಸ್ ಅವರಿಂದ ಬಂಗಾಳಿ ಪಾಠ ಹೇಳಿಸಿಕೊಂಡರು, 1948ರ ಜನವರಿ 30ರಂದೂ ಅವರ ಬಂಗಾಳಿ ಬರವಣಿಗೆಯ ಅಭ್ಯಾಸ ತಪ್ಪಿರಲಿಲ್ಲ. ಸಾಮಾನ್ಯ ವಯಸ್ಕರ ವಿಷಯಕ್ಕೆ ಬಂದರೆ, ಮೈಸೂರಿನ ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥೆ 1969ರಲ್ಲಿ ಆರಂಭವಾದದ್ದು. ಅದರ ಪ್ರಾದೇಶಿಕ ಭಾಷಾ ಕೇಂದ್ರಗಳಲ್ಲಿ ಬೇರೆ ರಾಜ್ಯಗಳ ಶಾಲಾ ಶಿಕ್ಷಕರು ಹತ್ತು ತಿಂಗಳು ಕೂತು ಮತ್ತೊಂದು ಭಾರತೀಯ ಭಾಷೆ ಕಲಿತು ಹೋಗಿದ್ದಾರೆ. ಸಂಸಾರಸ್ಥರಾದ, ಕೆಲಸದಲ್ಲಿರುವ ದೊಡ್ಡವರಿಗೆ ಭಾಷೆ ಕಲಿಸುವ ವಿದ್ಯೆ ನಮ್ಮಲ್ಲಿಲ್ಲದ್ದಲ್ಲ.

ಎರಡು ಆಕ್ಷೇಪಗಳು ನಮ್ಮ ಕಡೆಯಿಂದಲೇ ಏಳುತ್ತವೆ. ಒಂದು, ನಾವು ಮೊದಲೇ ಹಲವು ಭಾಷೆಗಳವರು, ಮತ್ತೊಂದರಿಂದ ಏನು? ಹೈದರಾಬಾದಿನ ಅಧ್ಯಯನದಲ್ಲೂ ಎರಡಕ್ಕಿಂತ ಹೆಚ್ಚು ಭಾಷೆ ಬಲ್ಲವರಿಗೆ ಹೆಚ್ಚುವರಿ ಲಾಭ ಕಂಡಿರಲಿಲ್ಲ. ದಿನಕ್ಕೆ ಮೂರು ಭಾಷೆಯಲ್ಲಿ ವ್ಯಾಪಾರ ಮಾಡುವ ಮಂಗಳೂರಿನ ಅಂಗಡಿಯವರಿಗೆ ನಾನು ನಾಲ್ಕನೆಯದನ್ನು ಒತ್ತಾಯಿಸುವುದಿಲ್ಲ. ಆದರೆ 2011ರ ಜನಗಣತಿಯಲ್ಲಿ ಎರಡು ಭಾಷೆ ಬಲ್ಲೆವು ಎಂದ ಭಾರತೀಯರು ಸುಮಾರು ಕಾಲು ಭಾಗ ಮಾತ್ರ. ಶಾಲೆಯಲ್ಲಿ ಕಲಿತು ನಲವತ್ತು ವರ್ಷ ಬಾಯಿಗೆ ಬಾರದ ಇಂಗ್ಲಿಷನ್ನೋ ಹಿಂದಿಯನ್ನೋ ಬಳಕೆಯ ಭಾಷೆ ಎನ್ನಲಾಗದು. ಎರಡನೆಯ ಆಕ್ಷೇಪ ಹೆಚ್ಚು ನೋವಿನದು: ಬೆಂಗಳೂರಿನಲ್ಲಿ ಕನ್ನಡವೇ ನೆಲೆ ಹುಡುಕುತ್ತಿರುವಾಗ ಕನ್ನಡಿಗರಿಗೆ ಬೇರೆ ಭಾಷೆ ಕಲಿಯಿರಿ ಎನ್ನುವುದು ಸರಿಯೇ? ಈ ನೋವು ನಿಜವಾದದ್ದು. ಅದಕ್ಕೇ ಈ ವಾದದ ಇನ್ನೊಂದು ಮಗ್ಗುಲನ್ನು ಗಟ್ಟಿಯಾಗಿ ಹೇಳಬೇಕು. ಐಟಿ ಕೆಲಸದ ಮಕ್ಕಳ ಜೊತೆ ಇರಲು ಲಖನೌದಿಂದ, ಕೋಲ್ಕತ್ತದಿಂದ ಬಂದು ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಉಳಿದಿರುವ ತಂದೆತಾಯಂದಿರಿಗೆ ಪಕ್ಕದ ಮನೆಯ ಭಾಷೆ ಎಂದರೆ ಕನ್ನಡ. ಅವರಿಗೆ ಸಮಯವಿದೆ, ಒಂಟಿತನವಿದೆ, ಕನ್ನಡ ಕಲಿಯಿರಿ ಎಂದು ಗೌರವದಿಂದ ಕೇಳಿದವರು ಮಾತ್ರ ಕಡಿಮೆ. ಕನ್ನಡ ಅಭಿವೃದ್ಧಿ ಪ್ರಾಧಿಕಾರ ನಡೆಸುವ ಕನ್ನಡ ಕಲಿಕೆಯ ಕಾರ್ಯಕ್ರಮ ಈ ಹಿರಿಯರನ್ನೇ ಗುರಿಯಾಗಿಟ್ಟುಕೊಂಡ ತರಗತಿಗಳನ್ನು ಉದ್ಯಾನಗಳಿಗೂ ಅಪಾರ್ಟ್‌ಮೆಂಟುಗಳಿಗೂ ಒಯ್ಯಬೇಕು. ನಗರದಲ್ಲಿ ಕನ್ನಡಕ್ಕೆ ಅದರಿಂದ ಹೊಸ ಬಾಯಿಗಳು ಸಿಗುತ್ತವೆ.

ಆ ತರಗತಿಗಳು ಶಾಲೆಯಂತಿರಬಾರದು. ಪರೀಕ್ಷೆ, ಅಂಕ, ಪ್ರಮಾಣಪತ್ರ ಯಾವುದೂ ಬೇಡ. ವಾರಕ್ಕೆ ಒಂದು ದಿನ ಎರಡು ಗಂಟೆಗಿಂತ ದಿನಕ್ಕೊಂದು ಗಂಟೆ ಮೇಲು, ಅದರಲ್ಲಿ ಅರ್ಧಕ್ಕೂ ಹೆಚ್ಚು ಹೊತ್ತು ಕಲಿಯುವವರೇ ಮಾತಾಡುತ್ತಿರಬೇಕು. ಲಿಪಿಯನ್ನು ಮೊದಲ ದಿನವೇ ತಲೆಗೆ ಹೇರದೆ, ತರಕಾರಿ ಕೊಳ್ಳುವುದು, ಆಸ್ಪತ್ರೆಯಲ್ಲಿ ಚೀಟಿ ಮಾಡಿಸುವುದು, ಮೊಮ್ಮಗುವಿನ ಗೆಳೆಯನ ಅಜ್ಜಿಯನ್ನು ಮಾತಾಡಿಸುವುದು ಮುಂಚೆ ಬರಬೇಕು. ಸೇರುವ ಮೊದಲು ಪ್ರತಿಯೊಬ್ಬರ ಕಿವಿ ತಪಾಸಣೆ ಆಗಬೇಕು. ಸರಿಯಾಗಿ ಕೇಳಿಸದ ಹಿರಿಯರು ತಮಗೆ ಭಾಷೆ ಹತ್ತಲಿಲ್ಲ ಎಂದುಕೊಂಡು ಹಿಂದೆ ಸರಿಯುತ್ತಾರೆ, ಅವರಿಗೆ ಬೇಕಾಗಿರುವುದು ಬಹುಶಃ ಶ್ರವಣ ಸಾಧನ. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ, ಮಧ್ಯಾಹ್ನದ ಹೊತ್ತು ಅಲ್ಲಿ ಜಾಗಕ್ಕೆ ಕೊರತೆ ಇರಲಿಕ್ಕಿಲ್ಲ. ಕಲಿಸಲು ಬಿ.ಎಡ್. ಆದವರೇ ಬೇಕೆಂದಿಲ್ಲ. ಊರಿನ ಉರ್ದು ಮನೆಮಾತಿನ ನಿವೃತ್ತ ಮೇಷ್ಟರು ಕನ್ನಡದ ಹಿರಿಯರಿಗೆ ಉರ್ದು ಹೇಳಿಕೊಡಬಹುದು, ಅವರ ಮನೆಯ ಹೆಂಗಸರಿಗೆ ಈ ಹಿರಿಯರಲ್ಲೊಬ್ಬರು ಕನ್ನಡ ಓದಲು ಕಲಿಸಬಹುದು. ಇಂಥ ತರಗತಿಗಳು ವರ್ಷಗಟ್ಟಲೆ ನಡೆದು, ಸೇರಿದವರ ಗಮನಶಕ್ತಿಯನ್ನೂ ನೆನಪನ್ನೂ ಆರಂಭದಲ್ಲಿ ಒಮ್ಮೆ, ಆಮೇಲೆ ಪ್ರತಿ ವರ್ಷ ಅಳೆದರೆ, ಹನ್ನೊಂದು ವಾರಗಳ ಇಟಾಲಿಯನ್ ಹೇಳಲಾಗದ್ದನ್ನು ನಮ್ಮ ಊರುಗಳೇ ಹೇಳಬಹುದು. ಅಳೆಯಬಲ್ಲ ನಿಮ್ಹಾನ್ಸ್ ಬೆಂಗಳೂರಿನಲ್ಲಿದೆ, ಕಲಿಸಬಲ್ಲ ಸಂಸ್ಥೆ ಮೈಸೂರಿನಲ್ಲಿದೆ. ಇಬ್ಬರನ್ನೂ ಒಂದು ಮೇಜಿನ ಸುತ್ತ ಕೂರಿಸುವ ಕೆಲಸವನ್ನು ಕನ್ನಡ ಮತ್ತು ಸಂಸ್ಕೃತಿ ಇಲಾಖೆಯೂ ಆರೋಗ್ಯ ಇಲಾಖೆಯೂ ಈ ವರ್ಷವೇ ಕೈಗೆತ್ತಿಕೊಳ್ಳಬೇಕು.